ಲಿವಿಯುವಿನ ತಾಯಿ ಫ್ರೆಂಚ್ ಕಲಿತದ್ದು

ನಮ್ಮ ಪೊಯೆನಿ ಹಳ್ಳಿಯಲ್ಲಿ ಯಾರಿಗಾದರೂ ಮೇಲುಸಿರು ಹತ್ತಿತೆಂದರೆ ಮೊದಲು ಕರೆಯುವುದು ಡಾಕ್ಟರನ್ನಲ್ಲ, ಪಾದ್ರಿಗಳನ್ನೂ ಅಲ್ಲ, ಸವೇತಾಳನ್ನು. ಡಾಕ್ಟರು ಪೇಟೆಯಿಂದ ಬರಬೇಕು. ಪಾದ್ರಿಗಳಿಗೆ ಇನ್ನೂ ಎರಡು ಊರಿನ ಚರ್ಚು ನೋಡಿಕೊಳ್ಳುವ ಕೆಲಸ. ಸವೇತಾ ಮಾತ್ರ ಹಾಲು ಕರೆಯುತ್ತಿದ್ದರೂ ಬಕೆಟ್ಟನ್ನು ಅಲ್ಲೇ ಇಟ್ಟು, ಕೈ ಒರೆಸಿಕೊಂಡು, ತಲೆಗೆ ಕಪ್ಪು ವಸ್ತ್ರ ಬಿಗಿದು ಹೊರಟುಬಿಡುತ್ತಿದ್ದಳು. ಹೋದವಳು ಹಾಸಿಗೆಯ ಬಲಗಡೆ ಕೂತು, ಮೇಣದಬತ್ತಿ ಹಚ್ಚಿ, ಸಾಯುವವರ ಬಲಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, ತನ್ನ ಅಂಗೈಯನ್ನು ಕೆಳಗೆ ಆಸರೆಯಾಗಿ ಕೊಡುತ್ತಿದ್ದಳು. ಸಾಯುವವರಿಗೆ ಹಿಡಿತವಿರುವುದಿಲ್ಲ. ಕರಗಿದ ಮೇಣವೆಲ್ಲ ಅವಳ ಕೈಮೇಲೆಯೇ ಬೀಳುತ್ತಿತ್ತು.

ಬೆಳಕಿಲ್ಲದೆ ಹೋದವನು ಅಲ್ಲಿ ಕತ್ತಲಲ್ಲಿ ತಡಕಾಡುತ್ತಾನೆ. ಇದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಆದ್ದರಿಂದ ಸವೇತಾಳೆಂದರೆ ಊರಿಗೆ ಗೌರವ, ಒಳಗೊಳಗೆ ಸ್ವಲ್ಪ ಭಯ. ಮದುವೆಗೆ ಅವಳನ್ನು ಕರೆಯುತ್ತಿದ್ದರು, ಆದರೆ ಮದುಮಗಳ ಪಕ್ಕದಲ್ಲಿ ಕೂರಿಸುತ್ತಿರಲಿಲ್ಲ.

ಅವಳಿಗೆ ಇನ್ನೊಂದು ವಿದ್ಯೆಯೂ ಕರಗತವಾಗಿತ್ತು. ಅದೇನೂ ಗುಟ್ಟಲ್ಲ, ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಡದ ಸಂಗತಿ. ಕೊನೆಗಳಿಗೆಯಲ್ಲಿ ಒದ್ದಾಡಿದವರು, ದೇವರನ್ನು ಬೈದವರು, ಹೆಂಡತಿಯ ಹೆಸರು ಬಿಟ್ಟು ಪಕ್ಕದೂರಿನ ಯಾವಳದೋ ಹೆಸರು ಕೂಗಿದವರು, ಎಲ್ಲರ ಬಗ್ಗೆಯೂ ಸವೇತಾ ಹೊರಗೆ ಬಂದು ಹೇಳುತ್ತಿದ್ದುದು ಒಂದೇ ಮಾತು: "ನಿದ್ದೆ ಹೋದ ಹಾಗೆ ಹೋದ್ರು. ನಿಮ್ಮನ್ನೇ ನೆನೆಸ್ಕೊಂಡ್ರು." ಕೇಳಿದವರು ಅತ್ತು ಹಗುರವಾಗುತ್ತಿದ್ದರು. ಇದರಲ್ಲಿ ತಪ್ಪೇನಿದೆ ಎಂದು ನನಗೂ ಗೊತ್ತಿಲ್ಲ, ನಿಮಗೆ ಗೊತ್ತಿದ್ದರೆ ನೀವೇ ಪುಣ್ಯವಂತರು.

ಅಂಥವಳ ಮಗ ಲಿವಿಯು, ಒಬ್ಬನೇ ಮಗ, ಫ್ರಾನ್ಸಿನಲ್ಲಿ ಸತ್ತ.

ಹೆಂಚು ಹೊದಿಸುವ ಕೆಲಸಕ್ಕೆಂದು ಚಿಕ್ಕಮ್ಮನ ಮಗ ಕೊರ್ನೆಲನ ಜೊತೆ ಹೋಗಿದ್ದ. ಬೆಟ್ಟದ ಮೇಲಿನ ಹಳ್ಳಿಯೊಂದರಲ್ಲಿ ತೆರೋಂದ್ ಎಂಬ ವಯಸ್ಸಾದ ಹೆಂಗಸಿನ ಮನೆಯಲ್ಲಿ ಕೆಲಸ. ಹಳೆಯ ಕೊಟ್ಟಿಗೆಯ ಮಾಡು ಮುರಿದು ಒಳಕ್ಕೆ ಬಿದ್ದ. ಆಗ ಕೊರ್ನೆಲ್ ಹೆಂಚು ತರಲು ಪೇಟೆಗೆ ಹೋಗಿದ್ದ. ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸವೇತಾಳಿಗೆ ಬಂದದ್ದು ಮುಚ್ಚಳ ಬೆಸೆದ ಪೆಟ್ಟಿಗೆ, ಒಂದು ಚೀಲ ಬಟ್ಟೆ, ಅವನ ಫೋನು. ಊರಿನ ಎಲ್ಲರ ಕಣ್ಣು ಮುಚ್ಚಿದವಳಿಗೆ ತನ್ನ ಮಗನ ಮುಖ ನೋಡಲೂ ಆಗಲಿಲ್ಲ.

ಪೆಟ್ಟಿಗೆಯನ್ನು ಅಂಗಳದಲ್ಲಿ ಇಳಿಸಿದಾಗ ಅವಳು ಕೊರ್ನೆಲನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಕೈಯಲ್ಲಿ ಮೇಣದಬತ್ತಿ ಇತ್ತೇನೋ?"

"ಇತ್ತು ದೊಡ್ಡಮ್ಮ. ಆ ಅಜ್ಜಿ ತಂದು ಹಚ್ಚಿಕೊಟ್ರಂತೆ. ಅವರೇ ಹೇಳಿದ್ರು ನಂಗೆ. ಲಿವಿಯು ಅದನ್ನ ನೆಟ್ಟಗೆ ಹಿಡ್ಕೊಂಡು ಹಾಗೇ ಕಣ್ಮುಚ್ಚಿದನಂತೆ."

ಸವೇತಾ ಶಿಲುಬೆಯ ಗುರುತು ಮಾಡಿಕೊಂಡಳು. ಕಣ್ಣೀರು ಆಮೇಲೆ ಬಂತು, ಮೊದಲು ಬಂದದ್ದು ನೆಮ್ಮದಿ. ನಲವತ್ತನೆಯ ದಿನ ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸಿ ಊರಿಗೆಲ್ಲ ಹಂಚಿ, ಬೆಳಕಿನೊಂದಿಗೆ ಹೋದವರಿಗೆ ಏನು ಮಾಡಬೇಕೋ ಅದನ್ನೆಲ್ಲ ಮಾಡಿ ಮುಗಿಸಿದಳು.

ಆಮೇಲೆ ಶುರುವಾಯಿತು ಆ ಸದ್ದು. ಮುಸ್ಸಂಜೆಯಲ್ಲಿ, ದನ ಕಟ್ಟಿ ಒಳಗೆ ಬಂದು ಒಲೆಯ ಮುಂದೆ ಕೂತ ಹೊತ್ತಿಗೆ, ಹೊರಗೋಡೆಯ ಮೇಲೆ ಯಾರೋ ಅಂಗೈ ಸವರಿಕೊಂಡು ಬರುವ ಸದ್ದು. ಕಿಟಕಿಯ ಚೌಕಟ್ಟಿಗೆ ಬಂದು ನಿಲ್ಲುವುದು, ಮತ್ತೆ ಮುಂದಕ್ಕೆ ಸರಿಯುವುದು, ಬಾಗಿಲ ಹತ್ತಿರ ಬಂದು ಮೇಲೆ ಕೆಳಗೆ ಹುಡುಕುವುದು. ಬಾಗಿಲು ತೆರೆದರೆ ಬರೀ ಅಂಗಳ, ಬಾವಿ, ಮುಂದಕ್ಕೆ ಪ್ಲಮ್ ಮರ. ಮರುದಿನ ಮತ್ತೆ ಅದೇ.

ಬೇಲಿಯಾಚೆಯ ಝಮ್ಫಿರಾ ಗಟ್ಟಿಗಿತ್ತಿ, ಗಂಡನನ್ನೂ ಎರಡು ಹಂದಿಗಳನ್ನೂ ಒಂದೇ ದನಿಯಲ್ಲಿ ಗದರಿಸಿ ಆಳುವವಳು. ಗೇಟಿನ ಮುಂದಿನ ಬೆಂಚಿನ ಮೇಲೆ ಸೂರ್ಯಕಾಂತಿ ಬೀಜ ಜಗಿಯುತ್ತ ಅವಳು ಇದನ್ನೆಲ್ಲ ಕೇಳಿದಳು.

"ಇಲಿ ಇರ್ಬೇಕು ಕಣೇ."

"ಇಲಿ ಚಿಲಕ ಹುಡುಕುತ್ತೇನೇ?"

ಝಮ್ಫಿರಾ ಸಿಪ್ಪೆ ಉಗಿಯುವುದನ್ನು ಮರೆತಳು. ಆಮೇಲೆ ಮುಸ್ಸಂಜೆ ಹೊತ್ತಿಗೆ ಅವಳೂ ಈ ಕಡೆ ಬರುವುದನ್ನು ನಿಲ್ಲಿಸಿದಳು.

ಬೆಳಕು ಸಿಕ್ಕವನು ಹೀಗೆ ತಡಕಾಡುವುದಿಲ್ಲ. ಅಲ್ಲಿಂದ ಸವೇತಾ ಕೊರ್ನೆಲನ ಮಾತನ್ನು ಮನಸ್ಸಿನಲ್ಲೇ ತಿರುವಿಹಾಕತೊಡಗಿದಳು. ನೆಟ್ಟಗೆ ಹಿಡಿದುಕೊಂಡನಂತೆ. ಎಂಬತ್ತು ವರ್ಷ ಬಾಳಿ ಹಾಸಿಗೆಯಲ್ಲಿ ಸುಖವಾಗಿ ಸಾಯುವವರೇ ಹಿಡಿಯಲಾರರು, ಮಾಡಿನಿಂದ ಬಿದ್ದು ಬೆನ್ನು ಮುರಿದುಕೊಂಡವನು ನೆಟ್ಟಗೆ ಹಿಡಿದನೇ? ಮೇಣ ಯಾರ ಕೈಮೇಲೆ ಬಿತ್ತು? ಕೆಳಗೆ ಕೈ ಕೊಟ್ಟವರು ಯಾರು? ಕೊರ್ನೆಲ್ ಎಂದೂ ಸಾವಿನ ಹತ್ತಿರ ಕೂತವನಲ್ಲ. ಚಿತ್ರಪಟದಲ್ಲಿ ನೋಡಿದ ಸಂತರನ್ನು ನೆನೆದು ಹೇಳಿದಂತಿತ್ತು ಅವನ ಮಾತು.

ಸಂಶಯವೊಂದೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಆದರೆ ಬೆಳಕಿಲ್ಲದೆ ಹೋದವರಿಗೆ ಬೇರೆಯೇ ಕಾರ್ಯವಿದೆ. ಹೆತ್ತವಳೋ ಕಟ್ಟಿಕೊಂಡವಳೋ ಮುಸ್ಸಂಜೆಯಲ್ಲಿ ಹೊಸ್ತಿಲ ಮೇಲೆ ನಿಂತು, ಮೇಣದಬತ್ತಿ ಹಚ್ಚಿ, ಹೆಸರು ಹಿಡಿದು ಕರೆದು ಕೊಡಬೇಕು. ಹಾಗಂತ ಸುಮ್ಮನೆ ಕರೆಯುವಂತಿಲ್ಲ. ನಿಜವಾಗಿ ಬೆಳಕು ಪಡೆದು ಹೋದವನನ್ನು ಹೀಗೆ ಕೂಗಿದರೆ ಅವನು ನಡೆದಷ್ಟೂ ದಾರಿ ಬಿಟ್ಟು ಹಿಂದಕ್ಕೆ ಬರುತ್ತಾನೆ, ಬಂದವನು ಮತ್ತೆ ಹೋಗಲಾರ. ಇತ್ತೋ, ಇರಲಿಲ್ಲವೋ, ಇದು ಖಚಿತವಾಗದೆ ಸವೇತಾ ಕೈಕಟ್ಟಿ ಕೂರಬೇಕಾಗಿತ್ತು, ಹೊರಗೆ ಮಗ ಗೋಡೆ ಸವರುತ್ತಿದ್ದ.

ಪಾದ್ರಿಗಳ ಹತ್ತಿರ ಹೋದಳು. ಒಳ್ಳೆಯ ಮನುಷ್ಯ, ಓದಿದವರು.

"ಇದೆಲ್ಲ ಹಳೆಯವರ ಕಲ್ಪನೆ, ಸವೇತಮ್ಮ. ಬತ್ತಿ ಇರಲಿ ಬಿಡಲಿ, ದೇವರಿಗೆ ಎಲ್ಲ ಕಾಣುತ್ತೆ."

"ದೇವರಿಗೆ ಕಾಣುತ್ತೆ ಪಾದ್ರಿಗಳೇ, ನನ್ನ ಮಗನಿಗೂ ಕಾಣ್ಬೇಕಲ್ಲ."

ನಮ್ಮ ಕಡೆ ಪಾದ್ರಿಗಳು ಮದುವೆಯಾಗುತ್ತಾರೆ, ಇವರ ಹೆಂಡತಿಗೆ ಫ್ರೆಂಚ್ ಬರುತ್ತಿತ್ತು. ಫ್ರಾನ್ಸಿಗೆ ತಾನೇ ಫೋನು ಮಾಡಿ ಕೇಳಿ ಹೇಳುತ್ತೇನೆಂದು ಆಕೆ ಅಂಗಳದವರೆಗೂ ಬಂದಳು. ಸವೇತಾ ಬೇಡವೆಂದಳು. ಆ ಹೆಂಗಸಿನ ಕಣ್ಣಿನಲ್ಲಿ ಕನಿಕರವಿತ್ತು, ಕನಿಕರವಿರುವ ಕಡೆಯಿಂದ ನಿಜ ಬರುವುದಿಲ್ಲವೆಂದು ಸವೇತಾಳಿಗಿಂತ ಚೆನ್ನಾಗಿ ಬಲ್ಲವರು ಯಾರು? ನಡುವೆ ಯಾರೇ ನಿಂತರೂ ಕೊನೆಗೆ ತನ್ನ ಕಿವಿಗೆ ಬೀಳುವುದು "ನಿದ್ದೆ ಹೋದ ಹಾಗೆ ಹೋದ" ಎಂಬ ಮಾತೇ. ಆ ಅಜ್ಜಿಯ ಬಾಯಿಂದ ತನ್ನ ಕಿವಿಗೆ ನೇರವಾಗಿ ಬೀಳಬೇಕು. ಅದಕ್ಕಿದ್ದದ್ದು ಒಂದೇ ದಾರಿ.

ಸತ್ತವನ ವಸ್ತುಗಳನ್ನೆಲ್ಲ ದಾನ ಕೊಡುವುದು ರೂಢಿ. ಲಿವಿಯುವಿನ ಬೂಟು, ಕೋಟು, ಗರಗಸ ಎಲ್ಲ ಕೊಟ್ಟಾಗಿತ್ತು. ಫೋನೊಂದನ್ನು ಮಾತ್ರ ಅವಳು ಹಿಟ್ಟಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದಳು. ಅದರಲ್ಲಿ ತೆರೋಂದರ ನಂಬರನ್ನು ಅವನು "ಅಜ್ಜಿ" ಎಂದು ಹಾಕಿಕೊಂಡಿದ್ದ. ಅದರಲ್ಲೇ ಪಾಠಗಳೂ ಇದ್ದವು. ಹೊರಡುವ ಮುಂಚಿನ ಚಳಿಗಾಲವಿಡೀ ಸೌದೆ ಒಡೆಯುತ್ತ, ಕಿವಿಗೆ ವೈರು ಸಿಕ್ಕಿಸಿಕೊಂಡು, ಹುಚ್ಚನ ಹಾಗೆ ತನ್ನಷ್ಟಕ್ಕೆ ಒದರುತ್ತಿದ್ದನಲ್ಲ, ಅವೇ ಪಾಠಗಳು. ಮೇಷ್ಟರಿಲ್ಲ, ಪುಸ್ತಕವಿಲ್ಲ. ಒಬ್ಬ ಹುಡುಗಿಯ ದನಿ ಮೊದಲು ನಮ್ಮ ಮಾತಿನಲ್ಲಿ ಒಂದು ಪದ ಹೇಳುತ್ತದೆ. ಸ್ವಲ್ಪ ಬಿಡುವು. ಆಮೇಲೆ ಅದನ್ನೇ ಫ್ರೆಂಚಿನಲ್ಲಿ ಹೇಳುತ್ತದೆ. ಮತ್ತೆ ಬಿಡುವು, ನಾವು ಹೇಳಲಿಕ್ಕೆ.

ಸವೇತಾ ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ಪ್ರಾರ್ಥನೆಯ ಪುಸ್ತಕ ಓದಬಲ್ಲಳು, ಅಷ್ಟೇ. ಫ್ರೆಂಚಿನ ಅಕ್ಷರ ಒಮ್ಮೆ ನೋಡಿದಳು. ಬರೆದದ್ದರಲ್ಲಿ ಅರ್ಧ ಬಾಯಿಗೇ ಬರುವುದಿಲ್ಲವೆಂದು ತಿಳಿದ ಮೇಲೆ ಆ ಕಡೆ ತಲೆಹಾಕಲಿಲ್ಲ. ಎಲ್ಲವೂ ಕಿವಿಯಲ್ಲೇ. ವೈರನ್ನು ತಲೆವಸ್ತ್ರದೊಳಗೆ ಸಿಕ್ಕಿಸಿಕೊಂಡು ಬೆಳಿಗ್ಗೆ ಒಂದು ಹಿಡಿ ಪದ ಕೇಳುವಳು. ಅಡುಗೆಯ ಪದಗಳನ್ನು ಒಲೆಯ ಮುಂದೆ, ಅಂಗಳದ ಪದಗಳನ್ನು ಅಂಗಳದಲ್ಲಿ. ಪದವನ್ನು ವಸ್ತುವಿನ ಮೇಲೇ ಇಟ್ಟು ಬರುವಳು, ಮತ್ತೆ ಆ ಕಡೆ ಹೋದಾಗ ಎತ್ತಿಕೊಳ್ಳುವಳು. ಸಂಜೆ ಹಾಲು ಕರೆಯುವಾಗ ಜೋಯಾನಾ ಹಸುವಿಗೆ ಅಷ್ಟನ್ನೂ ಒಪ್ಪಿಸಬೇಕು. ಒಂದು ತಪ್ಪಿದರೂ ಮರುದಿನ ಹೊಸದಿಲ್ಲ, ಹಳೆಯದೇ. ಭಾನುವಾರ ಚರ್ಚಿನಿಂದ ಬಂದ ಮೇಲೆ ವಾರದ್ದೆಲ್ಲ ಇನ್ನೊಮ್ಮೆ. ಹಸು ಎಷ್ಟು ಕಲಿಯಿತೋ ತಿಳಿಯದು, ಆದರೆ "ಬಾ" ಎಂದು ಫ್ರೆಂಚಿನಲ್ಲಿ ಹೇಳಿದರೆ ಬರುತ್ತಿತ್ತು.

ಕೆಲವು ಪದ ಸುಲಭವಾಗಿ ಬಂದವು. ನಮ್ಮ ಮಾತಿಗೂ ಅವರ ಮಾತಿಗೂ ದೂರದ ನೆಂಟಸ್ತಿಕೆ. ರೊಟ್ಟಿ, ಕೈ, ಚಂದ್ರ, ಇವೆಲ್ಲ ಮುಖ ನೋಡಿದರೆ ಗುರುತು ಸಿಗುವಂಥವು. ಸಾವು ಎಂಬ ಪದವಂತೂ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಅದನ್ನು ಕಲಿಯಬೇಕಾಗಲೇ ಇಲ್ಲ. ಮಿಕ್ಕವು ಜಿಗುಟು. ಮೂಗಿನಲ್ಲಿ ಹೇಳಬೇಕಾದ್ದು ಬಾಯಲ್ಲಿ ಬರುತ್ತಿತ್ತು, ಬಾಯಲ್ಲಿ ಬರಬೇಕಾದ್ದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಅವಳನ್ನು ಕಾಡಿದ್ದು ಪದಗಳಲ್ಲ, ಆ ಬಿಡುವು. ಹುಡುಗಿ "ರೊಟ್ಟಿ" ಎಂದು ಸುಮ್ಮನಾದಾಗ ಆ ಮೌನದಲ್ಲಿ ಲಿವಿಯು ಉತ್ತರ ಕೊಡುತ್ತಿದ್ದ. ಫೋನಿನಲ್ಲಿ ಅವನ ದನಿ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೂ ಸೌದೆಗೆ ಕೊಡಲಿ ಬೀಳುವ ಸದ್ದು, ಅದರ ಹಿಂದೆ ಏದುಸಿರಿನ ಆ ಒಂದು ಪದ, ಅವಳ ಕಿವಿಗೆ ಕೇಳಿಯೇ ಕೇಳುತ್ತಿತ್ತು. ಅವನು ಹೇಳಿದ ಮೇಲೆ ಇವಳು ಹೇಳುವಳು. ಇಬ್ಬರೂ ಹೇಳಿದ ಮೇಲೆ ಹುಡುಗಿ ಮುಂದಕ್ಕೆ ಹೋಗುವಳು. ಬದುಕಿದ್ದಾಗ ತಾಯಿ ಮಗ ಇಷ್ಟು ಮಾತಾಡಿದವರೇ ಅಲ್ಲ.

ಬೆಂಚಿನ ಮೇಲೆ ಕೂರುವ ಹೆಂಗಸರಿಗೆ ಇದು ಹಬ್ಬವಾಯಿತು.

"ಸವೇತಾ, ಪ್ಯಾರಿಸ್ಸಿನಲ್ಲಿ ಗಂಡು ನೋಡಿದ್ದೀಯೇನೇ?"

"ನೋಡಿದ್ದೀನಿ. ನಿನ್ನ ಗಂಡನ ಥರ ಕುಡಿಯೋನು ಸಿಗ್ಲಿಲ್ಲ, ಬಿಟ್ಬಿಟ್ಟೆ."

ತಮಾಷೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಇಫ್ತಿಮೆ ತಾತನ ಸಾವಿನಲ್ಲಿ ಅದು ರಗಳೆಗೆ ತಿರುಗಿತು. ತಾತ ವಾರದಿಂದ ಮಾತು ಬಿಟ್ಟು ಮಲಗಿದ್ದ. ಸವೇತಾ ಮಧ್ಯಾಹ್ನದಿಂದ ಪಕ್ಕದಲ್ಲೇ ಕೂತಿದ್ದಳು. ಮನೆಯವರು ಜೋಳದ ಕೊಯ್ಲಿನಲ್ಲಿ. ಕೋಣೆಯಲ್ಲಿ ನೊಣದ ಸದ್ದು ಬಿಟ್ಟರೆ ಏನಿಲ್ಲ. ಅವಳು ವೈರನ್ನು ಕಿವಿಗೆ ಸಿಕ್ಕಿಸಿಕೊಂಡು ಮೆಲ್ಲಗೆ ಪಾಠ ಹೇಳಿಕೊಳ್ಳತೊಡಗಿದಳು. ಇವತ್ತು. ನಿನ್ನೆ. ನಾಳೆ. ಯಾವಾಗಲೋ ಒಮ್ಮೆ ತಾನು ಹೇಳಿದ್ದನ್ನು ಇನ್ನೊಂದು ದನಿ ಹಿಂದೆಯೇ ಹೇಳುತ್ತಿದೆ ಎನ್ನಿಸಿತು. ಲಿವಿಯುವೇ ಎಂದುಕೊಂಡಳು. ವೈರು ಕಿತ್ತಳು. ತಾತನ ತುಟಿ ಅಲ್ಲಾಡುತ್ತಿತ್ತು. ಕಣ್ಣು ಮುಚ್ಚಿದಂತೆಯೇ, ಸ್ಪಷ್ಟವಾದ ಫ್ರೆಂಚಿನಲ್ಲಿ, "ನಾಳೆ" ಎಂದ. ಬತ್ತಿ ಹಚ್ಚಿ ಕೈಗಿಡುವಷ್ಟೇ ಸಮಯ ಸಿಕ್ಕಿತು. ಸೊಸೆ ನೀರು ತೆಗೆದುಕೊಂಡು ಒಳಗೆ ಬಂದಾಗ ತಾತ ಇನ್ನೊಮ್ಮೆ ಅದನ್ನೇ ಹೇಳಿ ಹೊರಟುಹೋದ.

"ಏನಂದ್ರು ನಮ್ಮ ಮಾವ?"

ಸವೇತಾ ಸುಳ್ಳು ಹೇಳುವುದಕ್ಕೂ ಮರೆತಳು. "ನಾಳೆ ಅಂದ್ರು. ಫ್ರೆಂಚಿನಲ್ಲಿ."

ಸೊಸೆಯ ಗೋಳು ಗುಡ್ಡದಾಚೆಗೂ ಕೇಳಿಸಿತು. "ಆಕಾಶದಲ್ಲಿ ಸುಂಕದ ಕಟ್ಟೆ ಒಂದಾ ಎರಡಾ? ಒಂದೊಂದರಲ್ಲೂ ನಿಲ್ಲಿಸಿ ಪಾಪದ ಲೆಕ್ಕ ಕೇಳ್ತಾರೆ. ನಮ್ಮ ಮಾವ ಫ್ರೆಂಚಿನಲ್ಲಿ ಉತ್ತರ ಕೊಟ್ಟರೆ ಅವರ ಗತಿ ಏನು? ಯಾವ ದೇಶದೋನು ಅಂತ ಆಚೆ ತಳ್ಳಿಬಿಡ್ತಾರೆ!"

"ಸುಂಕದವರು ತಾನೇ?" ಎಂದಳು ಝಮ್ಫಿರಾ. "ಲಂಚ ಕೊಟ್ರೆ ಅವರಿಗೆ ಯಾವ ಭಾಷೆಯಾದ್ರೂ ಅರ್ಥ ಆಗುತ್ತೆ."

ಹೆಣದ ಮನೆಯಲ್ಲೇ ನಾಲ್ಕು ಜನ ನಕ್ಕರು, ಸೊಸೆ ನಗಲಿಲ್ಲ. ಆಮೇಲೆ ಊರಿನಲ್ಲಿ ಎರಡು ಸಾವಾದವು, ಸವೇತಾಳನ್ನು ಕರೆಯಲಿಲ್ಲ. ಅವಳಿಗೆ ಅದು ಕೆನ್ನೆಗೆ ಹೊಡೆದಂತಾಯಿತು. ಆದರೂ ಪಾಠ ನಿಲ್ಲಿಸಲಿಲ್ಲ. ಸಂಜೆಯ ಸದ್ದೂ ನಿಂತಿರಲಿಲ್ಲವಲ್ಲ.

ಚಳಿಗಾಲದಲ್ಲಿ ಒಂದು ದಿನ ಹೊಸ ಪಾಠ ಶುರುವಾದಾಗ ಬಿಡುವಿನಲ್ಲಿ ಯಾರೂ ಮಾತಾಡಲಿಲ್ಲ. ಕೊಡಲಿಯ ಸದ್ದಿಲ್ಲ, ಏದುಸಿರಿಲ್ಲ. ಅವಳು ಫೋನು ತಿರುಗಿಸಿ ನೋಡಿದಳು. ಲಿವಿಯು ಕೇಳಿದ್ದ ಪಾಠಗಳ ಮುಂದೆಲ್ಲ ಒಂದು ಹಸಿರು ಗುರುತಿತ್ತು, ಇದರ ಮುಂದೆ ಇರಲಿಲ್ಲ. ಇಲ್ಲಿಯವರೆಗೆ ಕಲಿತು ಅವನು ಬಸ್ಸು ಹತ್ತಿದ್ದ, ಮಿಕ್ಕದ್ದನ್ನು ಅಲ್ಲಿನವರ ಬಾಯಿಂದಲೇ ಕಲಿತಿರಬೇಕು. ಇನ್ನು ಮುಂದಿನದು ಅವಳೊಬ್ಬಳದೇ. ಸವೇತಾ ಹಸುವಿನ ಹೊಟ್ಟೆಗೆ ಹಣೆಯಾನಿಸಿ, ಪೆಟ್ಟಿಗೆ ಬಂದ ದಿನವೂ ಅಳದಷ್ಟು ಅತ್ತಳು. ಅತ್ತು, ಮೂಗೊರೆಸಿಕೊಂಡು, ಪಾಠ ಮೊದಲಿಂದ ಹಾಕಿದಳು.

ಮೇಣದಬತ್ತಿ ಎಂಬ ಪದ ಸಿಕ್ಕಿದ್ದು ಆ ಪಾಠಗಳಲ್ಲೇ, ಪೊರಕೆಗೂ ಬೆಂಕಿಪೊಟ್ಟಣಕ್ಕೂ ನಡುವೆ. ಬೂಝಿ. ಇಷ್ಟು ದಿನ ಕಾದ ಪದ ಇಷ್ಟು ಚಿಕ್ಕದೇ ಎನ್ನಿಸಿತು ಅವಳಿಗೆ. ಆ ಪಾಠವನ್ನು ಅವಳು ಹಸುವಿಗೆ ಒಪ್ಪಿಸಲಿಲ್ಲ.

ಈಸ್ಟರಿಗೆ ಕೊರ್ನೆಲ್ ಫ್ರಾನ್ಸಿನಿಂದ ಬಂದ. ದೊಡ್ಡಮ್ಮನಿಗೆ ಚಾಕೊಲೇಟು, ಕಾಫಿಪುಡಿ ತಂದ. ಜೋಳದ ಮುದ್ದೆಗೆ ಚೀಸು, ಹುಳಿಕೆನೆ ಹಾಕಿ ಅವಳು ಅವನ ಮುಂದಿಟ್ಟು, "ತಿನ್ನು, ತಣ್ಣಗಾಗುತ್ತೆ" ಎಂದು ಫ್ರೆಂಚಿನಲ್ಲಿ ಹೇಳಿದಳು. ಕೊರ್ನೆಲನ ಚಮಚ ಅರ್ಧದಾರಿಯಲ್ಲೇ ನಿಂತಿತು.

"ಊರಲ್ಲಿ ಹೇಳ್ತಿದ್ದದ್ದು ನಿಜಾನಾ ದೊಡ್ಡಮ್ಮ? ಯಾಕೆ ಈ ವಯಸ್ಸಲ್ಲಿ?"

"ಅಜ್ಜಿ ಹತ್ರ ಮಾತಾಡ್ಬೇಕು."

"ಅವರಿಗೆ ಕಿವಿ ಕೇಳಲ್ಲ. ಮರೆವು ಬೇರೆ. ಏನೇನೋ ಹೇಳ್ತಾರೆ. ನಾನು ಹೇಳಿದ್ದು ಸಾಲದಾ ನಿಂಗೆ?"

"ನೀನು ಹೇಳಿದ್ದು ತುಂಬ ಚೆನ್ನಾಗಿತ್ತು ಮಗಾ. ಅದೇ ತೊಂದರೆ."

ಕೊರ್ನೆಲ್ ತಟ್ಟೆಯಿಂದ ತಲೆಯೆತ್ತಲಿಲ್ಲ. ಕಿವಿ ಕೆಂಪಗಾಗಿತ್ತು. ಹೊರಡುವಾಗ ಗೇಟಿನ ಹತ್ತಿರ ನಿಂತು, "ಫೋನ್ ಮಾಡ್ಬೇಡ ದೊಡ್ಡಮ್ಮ, ಕೈ ಮುಗೀತೀನಿ" ಎಂದ. ಅವಳು ಅವನ ಕಾಲರು ಸರಿಮಾಡಿ ಕಳಿಸಿದಳು. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿದಂತಾಯಿತು. ಆದರೆ ಸತ್ತವನನ್ನು ಹಿಂದಕ್ಕೆ ಕರೆಯುವ ಕೆಲಸಕ್ಕೆ ಅರ್ಧ ಉತ್ತರ ಸಾಲದು.

ಹುಲ್ಲು ಕೊಯ್ಲು ಮುಗಿದ ಮೇಲೆ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಮುಖ ತೊಳೆದು, ಚರ್ಚಿಗೆ ಹೋಗುವ ಲಂಗ ಉಟ್ಟು, ಫೋನು ಹಿಡಿದು ಕೂತಳು. "ಅಜ್ಜಿ" ಎಂಬುದನ್ನು ಒತ್ತಿದಳು. ಆ ಕಡೆಯಿಂದ ಬಂದ ಮಾತು ಅವಳಿಗೆ ಒಂದಕ್ಷರ ತಿಳಿಯಲಿಲ್ಲ. ಪಾಠದ ಹುಡುಗಿ ಒಂದೊಂದೇ ಪದ ಹೇಳಿ ಕಾಯುತ್ತಿದ್ದಳು, ಇದು ಹಳ್ಳದ ನೀರಿನ ಹಾಗೆ ಸುರಿಯಿತು. ಸವೇತಾ ಕಣ್ಣು ಮುಚ್ಚಿದಳು.

"ಮೆಲ್ಲಗೆ, ಮದಾಮ್. ದಯವಿಟ್ಟು. ನಾನು ಲಿವಿಯು ಅಮ್ಮ."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಕೊರ್ನೆಲ್ ಹೇಳಿದಂತೆ ಕಿವುಡೇನೂ ಇರಲಿಲ್ಲ. ಆಮೇಲೆ ಮದಾಮ್ ತೆರೋಂದ್ ಬೇರೆಯೇ ದನಿಯಲ್ಲಿ, ಒಂದೊಂದೇ ಪದವನ್ನು ಎತ್ತಿ ಇಟ್ಟಂತೆ, ಹೇಳಿದಳು.

"ನೀವು ಫೋನ್ ಮಾಡ್ತೀರ ಅಂತ ಕಾಯ್ತಾ ಇದ್ದೆ, ಮದಾಮ್."

ಸವೇತಾ ಸುತ್ತಿ ಬಳಸಲಿಲ್ಲ, ಸುತ್ತಿ ಬಳಸುವಷ್ಟು ಪದ ಅವಳಲ್ಲಿರಲೂ ಇಲ್ಲ. "ನನ್ನ ಮಗ. ಕೊಟ್ಟಿಗೆಯಲ್ಲಿ. ಸಾವು. ನೀವು ಇದ್ರಿ. ಕೈಯಲ್ಲಿ ಮೇಣದಬತ್ತಿ. ಇತ್ತು? ಇಲ್ಲ?"

"ಇಲ್ಲ," ಎಂದಳು ಮದಾಮ್ ತೆರೋಂದ್.

ಆಮೇಲೆ ಹೇಳತೊಡಗಿದಳು, ನಡುನಡುವೆ ನಿಂತು, ಸವೇತಾಳಿಗೆ ತಿಳಿಯಿತೇ ಎಂದು ಕಾದು, ತಿಳಿಯದಿದ್ದರೆ ಇನ್ನೊಂದು ಪದ ಹುಡುಕಿ. ಸವೇತಾಳಿಗೆ ಎಲ್ಲವೂ ತಿಳಿಯಿತು. ತಿಳಿಯದೇ ಹೋಗಿದ್ದರೆ ಚೆನ್ನಾಗಿತ್ತು ಎನ್ನಿಸುವಷ್ಟು ತಿಳಿಯಿತು.

"ಕೊಟ್ಟಿಗೆ ಒಳಗೆ ಕತ್ತಲು. ನಾನು ಎರಡೂ ಬಾಗಿಲು ತೆಗೆದೆ. ಬಿಸಿಲು ಬಂತು, ಅವನ ಮುಖದ ಮೇಲೇ ಬಂತು. ಅವನು ಮೇಣದಬತ್ತಿ ಅಂದ. ನಾನು ಬಿಸಿಲು ಇದೆಯಲ್ಲಾ ಮಗು ಅಂದೆ. ಮತ್ತೆ ಮೇಣದಬತ್ತಿ ಅಂದ. ತಲೆಗೆ ಏಟು ಬಿದ್ದಿದೆ, ಏನೋ ಬಡಬಡಿಸ್ತಾನೆ ಅಂದ್ಕೊಂಡೆ. ನನ್ನ ಅಡುಗೆಮನೇಲಿ ಇತ್ತು ಮದಾಮ್. ಮೇಜಿನ ಖಾನೆಯಲ್ಲಿ, ಎಷ್ಟು ಬೇಕಾದ್ರೂ ಇತ್ತು. ಅಂಗಳ ದಾಟಿದ್ರೆ ಅಡುಗೆಮನೆ. ಅವನ ಕೈ ಬಿಟ್ಟು ಹೋದ್ರೆ ಅಷ್ಟರಲ್ಲಿ ಹೋಗಿಬಿಡ್ತಾನೇನೋ ಅಂತ ಹೆದರಿ ಹೋಗ್ಲಿಲ್ಲ. ಕೊನೇವರೆಗೂ ಕೇಳ್ತಾನೇ ಇದ್ದ."

ಮದಾಮ್ ತೆರೋಂದ್ ತಾನೇ ಮುಂದುವರಿಸಿದಳು.

"ಯಾಕೆ ಮದಾಮ್? ಅಷ್ಟು ಬಿಸಿಲಲ್ಲಿ ಯಾಕೆ ಕೇಳಿದ? ಕೊರ್ನೆಲನ್ನ ಕೇಳಿದೆ, ನಂಗೆ ಗೊತ್ತಿಲ್ಲ ಅಂದ. ನಂಗೆ ನಿದ್ದೆ ಇಲ್ಲ. ಕೊಟ್ಟಿಗೆ ಕಡೆ ಹೋಗೋಕಾಗಲ್ಲ. ಸಂಜೆ ಆಯ್ತು ಅಂದ್ರೆ ಆ ಕಡೆಯಿಂದ ಕೇಳಿದ ಹಾಗೇ ಆಗುತ್ತೆ. ನಾನು ಏನು ತಪ್ಪು ಮಾಡಿದೆ, ಹೇಳಿ. ನಿಮಗೆ ಗೊತ್ತಿರುತ್ತೆ, ನೀವು ತಾಯಿ."

ಹೇಳಲು ಸವೇತಾಳಲ್ಲಿ ಪದಗಳಿದ್ದವು. ಕತ್ತಲು ಇತ್ತು, ದಾರಿ ಇತ್ತು, ಇಲ್ಲದೆ ಎಂಬುದೂ ಇತ್ತು. ನಮ್ಮಲ್ಲಿ ಹೀಗೆ, ಮದಾಮ್, ಅದಿಲ್ಲದೆ ಹೋದವನು ತಡಕಾಡುತ್ತಾನೆ, ನೀವು ಅಂಗಳ ದಾಟಬೇಕಿತ್ತು ಎಂದು ಹೇಳಲು ಬೇಕಾದ ಒಂದೊಂದನ್ನೂ ಅವಳು ಚಳಿಯಲ್ಲಿ, ಕೊಟ್ಟಿಗೆಯಲ್ಲಿ, ಒಲೆಯ ಮುಂದೆ ಕೂಡಿಸಿಟ್ಟಿದ್ದಳು. ಸಿಟ್ಟೂ ಇತ್ತು. ಖಾನೆ ತುಂಬ ಇಟ್ಟುಕೊಂಡು ಒಂದು ತಂದುಕೊಡಲಿಲ್ಲವಲ್ಲ ಈ ಮುದುಕಿ ಎಂದು ಹೊಟ್ಟೆ ಉರಿಯಿತು. ಆ ಕಡೆ ಮುದುಕಿಯ ಉಸಿರು ಕೇಳುತ್ತಿತ್ತು. ಅದು ಸವೇತಾಳಿಗೆ ಚೆನ್ನಾಗಿ ಗುರುತಿದ್ದ ಉಸಿರು. ಬಾಗಿಲ ಹೊರಗೆ ನಿಂತು, ಒಳಗಿನಿಂದ ಇವಳು ಬಂದು ಏನು ಹೇಳುತ್ತಾಳೋ ಎಂದು ಕಾಯುವವರ ಉಸಿರು ಹಾಗೆಯೇ ಇರುತ್ತದೆ.

"ನಿಮ್ಮನ್ನ ಅಲ್ಲ," ಎಂದಳು ಸವೇತಾ. "ನಿಮ್ಮನ್ನ ಕೇಳ್ಲಿಲ್ಲ ಮದಾಮ್. ಅಮ್ಮನ್ನ ಕೇಳಿದ. ಚಿಕ್ಕವನು. ಮನೆಯಲ್ಲಿ ಕರೆಂಟ್ ಇಲ್ಲ. ಭಯ. ಆಗ ಅಮ್ಮನ್ನ ಕೇಳ್ತಿದ್ದ. ಮೇಣದಬತ್ತಿ, ಮೇಣದಬತ್ತಿ. ಹಾಗೆ. ನೀವು ತಪ್ಪಿಲ್ಲ. ನೀವು ಕೈ ಹಿಡಿದ್ರಿ. ಒಳ್ಳೇದು."

ಮುದುಕಿ ನಂಬಲು ಹಂಬಲಿಸುತ್ತಿದ್ದಳು, ಆದರೂ ಒಂದು ಕಡೆ ಎಡವಿದಳು. "ಆದ್ರೆ ಅವನು ಫ್ರೆಂಚಿನಲ್ಲಿ ಕೇಳಿದ, ಮದಾಮ್. ನನಗೆ ಅರ್ಥ ಆಗೋ ಹಾಗೆ."

ಸವೇತಾ ಒಂದು ಗಳಿಗೆಯೂ ತಡೆಯಲಿಲ್ಲ.

"ಹೌದು ಮದಾಮ್. ನಾವು ಮನೆಯಲ್ಲಿ ಫ್ರೆಂಚ್. ಅವನೂ ನಾನೂ. ಒಟ್ಟಿಗೆ ಕಲಿತ್ವಿ. ನೋಡಿ, ನಾನು ಮಾತಾಡ್ತೀನಿ."

ಆ ಕಡೆ ಮುದುಕಿ ಅಳತೊಡಗಿದಳು. ಹಗುರವಾದವರ ಅಳು ಅದು, ಸವೇತಾ ಅದನ್ನು ಎಷ್ಟು ಮನೆಗಳ ಜಗಲಿಯಲ್ಲಿ ಕೇಳಿರಲಿಲ್ಲ! ಅಳುವಿನ ನಡುವೆಯೇ ಮದಾಮ್ ತೆರೋಂದ್ ಕೇಳಿದಳು.

"ಕೊಡ್ತಿದ್ರಾ? ಅವನು ಕೇಳಿದಾಗ?"

"ಯಾವಾಗ್ಲೂ," ಎಂದಳು ಸವೇತಾ.

ಫೋನಿಟ್ಟ ಮೇಲೆ ಅವಳು ಒಳಗೆ ಹಾಗೆಯೇ ಕೂತಿದ್ದಳು. ಜೋಯಾನಾ ಎರಡು ಸಲ ಕೂಗಿತು. ಬಿಸಿಲು ಗೋಡೆಯಿಂದ ಇಳಿದು ಅಂಗಳಕ್ಕೆ, ಅಂಗಳದಿಂದ ಬೇಲಿಗೆ ಹೋಯಿತು. ಕೇಳಿದ್ದು ತನ್ನನ್ನೇ ಎಂದು ತನ್ನ ಬಾಯಿಂದಲೇ ಹೇಳಿದ ಮೇಲೆ, ಕೊಡದೇ ಇದ್ದವಳೂ ತಾನೇ ಆದಳು. ಗೋಡೆಯ ಮೇಲೆ ಅಂಗೈ ಸವರುವ ಸದ್ದು ಬಂತು. ಕಿಟಕಿಯ ಹತ್ತಿರ ನಿಂತು ಬಾಗಿಲಿಗೆ ಬಂತು.

ಸವೇತಾ ಬತ್ತಿ ಹಚ್ಚಿ ಬಾಗಿಲು ತೆರೆದಳು. ಬೆಳಕನ್ನು ಹೊರಗಿನ ಮಬ್ಬಿಗೆ ಚಾಚಿ, ಮಗನ ಹೆಸರು ಹಿಡಿದು ಕರೆದು, "ತಡ ಆಯ್ತು ಕಂದಾ, ತಗೋ," ಎಂದಳು.